ಮೀಸೆ ಬರೆದ ಮುಚ್ಚಳ

ದ್ರವ ಸಾರಜನಕದ ತೊಟ್ಟಿ ತೆರೆದರೆ ಬಿಳಿ ಹೊಗೆ ನೇರ ಮುಖಕ್ಕೇ ಬರುತ್ತದೆ. ಹೊಗೆ ತಿಳಿಯಾದಾಗ ಅವಳಿಗೆ ಕಂಡದ್ದು ಒಂದು ಮೀಸೆ. ಕಿರುಬೆರಳಿನಷ್ಟಿದ್ದ ಶೀಷೆಯ ಮುಚ್ಚಳದ ಮೇಲೆ ಕಪ್ಪು ಮಾರ್ಕರಿನಲ್ಲಿ ಬರೆದ, ತುದಿ ಹುರಿಮಾಡಿದ ಮೀಸೆ.

ಅಣ್ಣ ಬರೆದದ್ದು. ಒಳಗೆ ಹೆಪ್ಪುಗಟ್ಟಿಸಿಟ್ಟದ್ದು ಅವನದೇ ರಕ್ತದ ಬಿಳಿ ಕಣಗಳು. ಲ್ಯಾಬಿಗೆ ಆರೋಗ್ಯವಂತರ ರಕ್ತ ಬೇಕಾದಾಗಲೆಲ್ಲ ಅವಳು ಅವನನ್ನೇ ಎಳೆದು ತರುತ್ತಿದ್ದಳು. ಶೀಷೆಯ ಮೇಲೆ ಹೆಸರು ಬರೆಯುವಂತಿಲ್ಲ, ಸಂಖ್ಯೆ ಮಾತ್ರ. "ನಾನೇನು ಕೈದೀನೇನೇ? ಮೀಸೆನಾದ್ರೂ ಇರ್ಲಿ" ಎಂದು ತೋಳಿಗೆ ಹತ್ತಿ ಒತ್ತಿಕೊಂಡೇ ಗೀಚಿದ್ದ. ಆ ಪುಣ್ಯಾತ್ಮನಿಗೆ ನೆಟ್ಟಗೆ ಮೀಸೆ ಚಿಗುರಿರಲೇ ಇಲ್ಲ.

ಅವನು ಹೋಗಿ ಅರ್ಧ ವರ್ಷವಾಗಿತ್ತು. ಸೋಂಕು ಒಂದು ನೆಪ. ಬಿಳಿ ರಕ್ತಕಣಗಳನ್ನು ಎಬ್ಬಿಸುವ ಪ್ರೋಟೀನುಗಳು ಮೈಯೊಳಗೆ ಕೂಗುತ್ತಲೇ ಹೋದವು. ಕಣಗಳು ಹುಚ್ಚೆದ್ದು ತಮ್ಮದು ಪರರದು ನೋಡದೆ ಎಲ್ಲದರ ಮೇಲೂ ಬಿದ್ದವು. ಅಮ್ಮ ಅವನನ್ನು ಕಡೆಯ ಸಲ ನೋಡಿದ್ದು ಆಸ್ಪತ್ರೆಯ ಗಾಜಿನ ಈಚೆಯಿಂದ.

ಊಟಕ್ಕೆ ಕೂತಾಗ ಶೀಷೆಯ ಸಂಗತಿ ಬಾಯಿ ತಪ್ಪಿ ಹೊರಬಿತ್ತು.

"ಜೀವ ಇದ್ಯೇನೇ ಅದಕ್ಕೆ?" ಅಮ್ಮ ಕೇಳಿದಳು.

"ನಿದ್ದೆ ಮಾಡ್ತಿವೆ ಅಮ್ಮ. ಬಿಸಿ ತಾಗಿಸಿದ್ರೆ ಏಳ್ತವೆ. ಆದ್ರೆ ಎದ್ದ ಮೇಲೆ ಮತ್ತೆ ಮಲಗಿಸೋಕಾಗಲ್ಲ."

"ಚಿಕ್ಕೋನಿದ್ದಾಗ್ಲೂ ಹಾಗೇ ಇದ್ದ." ಅಮ್ಮ ನಕ್ಕಳು. ತುತ್ತು ಮಾತ್ರ ಕೈಯಲ್ಲೇ ಉಳಿಯಿತು. "ನಂಗೊಂದ್ಸಲ ತೋರಿಸೇ."

ಲ್ಯಾಬಿನ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. "ಉಳಿದಿರೋದು ಒಂದೇ ಶೀಷೆ. ಯಾವ ಪ್ರಯೋಗಕ್ಕಮ್ಮಾ ಇದು?" ಎಂದು ಗದರಿದರು. "ಅಣ್ಣನದು. ಅಮ್ಮ ನೋಡ್ಬೇಕಂತೆ" ಎಂದಳು ಅವಳು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, "ಮೂಲೇಲಿರೋ ಇನ್‌ಕ್ಯುಬೇಟರ್ ಖಾಲಿ ಇದೆ" ಎಂದಷ್ಟೇ ಹೇಳಿ ಹೊರಟುಹೋದರು.

ಶೀಷೆಯನ್ನು ಬೆಚ್ಚನೆಯ ನೀರಿನಲ್ಲಿ ಹಿಡಿದು, ಅಕ್ಕಿಕಾಳಿನಷ್ಟು ಮಂಜುಗಡ್ಡೆ ಉಳಿಯುವ ತನಕ ಮೆಲ್ಲಗೆ ಆಡಿಸಿದಳು. ಈ ಜಾತಿಯ ಬಿಳಿ ಕಣಗಳು ಮೈ ಬಿಟ್ಟು ಹೊರಗೆ ಬಂದರೆ ಒಂದೆರಡು ದಿನದಲ್ಲಿ ತಾವಾಗಿಯೇ ಸಾಯುತ್ತವೆ. ಒಂದು ಪ್ರೋಟೀನು ತಾಗಿದರೆ ಮಾತ್ರ ಮನಸ್ಸು ಬದಲಿಸುತ್ತವೆ. ತಟ್ಟೆಯ ತಳಕ್ಕೆ ಅಂಟಿಕೊಂಡು, ಹಿಗ್ಗಿ, ಕಾಲು ಚಾಚಿ ನೆಲೆಯೂರುತ್ತವೆ. ಅವಳು ಕಣಗಳನ್ನು ತಟ್ಟೆಗೆ ಸುರಿದು, ಆ ಪ್ರೋಟೀನು ಹಾಕಿ, ಇನ್‌ಕ್ಯುಬೇಟರಿನ ಬಿಸುಪಿನಲ್ಲಿಟ್ಟಳು.

ವಾರ ಕಳೆದು ಅಮ್ಮ ಬಂದಳು. ದೊಡ್ಡ ಬಿಳಿ ಕೋಟು ತೊಟ್ಟು, ಯಾರದೋ ಮನೆಗೆ ಬಂದವಳಂತೆ ಸ್ಟೂಲಿನ ತುದಿಯಲ್ಲಿ ಕೂತು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

"ಉದ್ದುದ್ದ ಕಾಲು. ಅವನದೇ."

ಆಮೇಲೆ ರಜೆ ಸಿಕ್ಕಾಗಲೆಲ್ಲ ಬರತೊಡಗಿದಳು. ಬೇರೆಲ್ಲ ಕೆಲಸ ಹಿಂದೆ ಬಿದ್ದರೂ ಆ ತಟ್ಟೆಯ ದ್ರವ ಬದಲಿಸುವುದನ್ನು, ಪ್ರೋಟೀನು ಬೆರೆಸುವುದನ್ನು ಮಗಳು ಒಮ್ಮೆಯೂ ಮರೆಯಲಿಲ್ಲ. ಮೇಡಂ ಕಂಡೂ ಕಾಣದ ಹಾಗಿದ್ದರು. ಅಂಟಿಕೊಂಡಿದ್ದ ಕಣಗಳು ಮಾತ್ರ ಒಂದೊಂದಾಗಿ ಕಡಿಮೆಯಾಗುತ್ತಿದ್ದವು.

ಒಂದು ದಿನ ಅಮ್ಮ ಕಣ್ಣು ತೆಗೆಯದೆ ಕೇಳಿದಳು. "ಏನ್ ಮಾಡ್ತಿದೆ ಇದು? ಆ ಕಡೆ ಚಾಚತ್ತೆ, ಈ ಕಡೆ ಚಾಚತ್ತೆ."

"ಹುಡುಕ್ತಿದೆ. ಗಾಯ ಎಲ್ಲಾಗಿದೆ, ಏನು ಸರಿಮಾಡ್ಬೇಕು ಅಂತ."

"ಇಲ್ಲೆಲ್ಲಿದೆ ಗಾಯ?"

"ಇಲ್ಲಮ್ಮ. ನಾನು ಹಾಕೋ ಪ್ರೋಟೀನು 'ಇರು, ಇರು' ಅನ್ನತ್ತೆ. ಅದಕ್ಕೇ ಇದೆ."

ಅಮ್ಮ ತಲೆಯೆತ್ತಿದಳು. ಕಣ್ಣಿನ ಸುತ್ತ ಗಾಜಿನ ಅಂಚಿನ ಗುರುತು ಬಿದ್ದಿತ್ತು.

"ಪಾಪ ಕಣೇ. ಮಾಡೋಕೆ ಕೆಲಸ ಇಲ್ಲ, ಹೋಗೋಕೆ ಮನೆ ಇಲ್ಲ. ನಮಗೋಸ್ಕರ ನಿಲ್ಲಿಸ್ಕೊಂಡಿದೀವಿ." ಕೋಟಿನ ಗುಂಡಿ ಬಿಚ್ಚುತ್ತ ಹೇಳಿದಳು, "ಆಸ್ಪತ್ರೇಲಿ ಮೈಯೊಳಗೆ ಅಷ್ಟೊಂದು ಕೂಗಿಸ್ಕೊಂಡ. ಇಲ್ಲೂ ಯಾಕೆ? ಸಾಕು, ಬಿಡೇ."

"ಅಮ್ಮಾ, ಇದೇ ಕೊನೇದು."

"ಗೊತ್ತು."

ಮಗಳು ಹಳೆಯ ದ್ರವವನ್ನು ಹೀರಿ ತೆಗೆದಳು. ಹೊಸದನ್ನು ತಟ್ಟೆಯ ಗೋಡೆಗುಂಟ ಮೆಲ್ಲಗೆ ಇಳಿಸಿದಳು. ಪ್ರೋಟೀನಿನ ಪುಟ್ಟ ಶೀಷೆ ಐಸಿನ ಮೇಲೆ ಹಾಗೆಯೇ ಇತ್ತು. ಅದರತ್ತ ಕೈ ಹೋಯಿತು, ಅಮ್ಮ ಆ ಕೈ ಹಿಡಿದುಕೊಂಡಳು.

ಕಣಗಳಿಗೆ ಇನ್ನೂ ತಿಳಿದಿರಲಿಲ್ಲ. ಕಾಲು ಚಾಚಿಕೊಂಡು ಹುಡುಕುತ್ತಲೇ ಇದ್ದವು.