ಹನ್ನೊಂದನೆಯ ಗುಂಡುಸೂಜಿ

ನ್ಯೂಜಿಲೆಂಡಿನ ಪಾಪಕುರಾದ ಮನೆಯ ಹಜಾರದಲ್ಲಿ ಚಿದಾನಂದರು ಯುರೋಪಿನ ಭೂಪಟವನ್ನು ದೇವರ ಪಟಕ್ಕಿಂತ ಒಂದು ಗೇಣು ಮೇಲೆಯೇ ತೂಗುಹಾಕಿದ್ದರು. ನೋಡಿಬಂದ ದೇಶಕ್ಕೊಂದರಂತೆ ಅದರಲ್ಲಿ ಹನ್ನೊಂದು ಕೆಂಪು ಗುಂಡುಸೂಜಿಗಳು. ಹೋದ ವರ್ಷ ಇಂಥದೇ ಟೂರು ಮುಗಿಸಿ ಬಂದ ಸ್ನೇಹಿತ ನಟರಾಜರದು ಹತ್ತೇ ದೇಶ. ಅವರಿಗಿಂತ ಹೆಚ್ಚಿನ ಆ ಒಂದು ಸೂಜಿ ಲಕ್ಸೆಂಬರ್ಗಿನದು.

ಅದರ ಹಿಂದಿನ ನಿಜಸಂಗತಿ ಹೆಂಡತಿ ಚಂಪಾಗೆ ಮಾತ್ರ ಗೊತ್ತು. ಬಸ್ಸು ಆ ಪುಟ್ಟ ದೇಶದ ರಾಜಧಾನಿಯಲ್ಲಿ ನಿಂತಾಗ ಚಿದಾನಂದರು ಕತ್ತಿಗೆ ದಿಂಬು ಸಿಕ್ಕಿಸಿಕೊಂಡು ಗೊರಕೆ ಹೊಡೆಯುತ್ತಿದ್ದರು. "ಇಲ್ಲೇನಿದೆ ಮಣ್ಣು! ಜರ್ಮನಿ ಬಂದ್ಮೇಲೆ ಎಬ್ಸು" ಎಂದು ಮೊದಲೇ ಅಪ್ಪಣೆಯಾಗಿತ್ತು. ಚಂಪಾ ಒಬ್ಬರೇ ಇಳಿದು ಊರು ನೋಡಿದ್ದರು. ಆಮೇಲೆ ಬಾಯಿ ಬಿಡಲಿಲ್ಲ. ಬಿಟ್ಟರೆ ಸೂಜಿ ಉದುರುತ್ತಿತ್ತು, ಜೊತೆಗೆ ಗಂಡನ ಮಾನವೂ.

ಶನಿವಾರ ಸ್ನೇಹಿತರಿಗೆಲ್ಲ ಬಿಸಿಬೇಳೆಬಾತು, ಟೀವಿಯಲ್ಲಿ ಟೂರಿನ ಫೋಟೋ. ಚಂಪಾ ಪಕ್ಕದ ಮನೆಯ ಮುದುಕ ವೇಬರ್ ಅವರನ್ನೂ ಕರೆದಿದ್ದರು. ಬೀದಿಯವರೆಲ್ಲ ಅವರನ್ನು ಡಚ್ಚರೆಂದೇ ತಿಳಿದಿದ್ದರು. ಕೈಯಲ್ಲಿ ತಾವೇ ಬೇಯಿಸಿದ ಪ್ಲಮ್ ಹಣ್ಣಿನ ಟಾರ್ಟ್ ಹಿಡಿದು ಒಳಬಂದ ವೇಬರ್ ಭೂಪಟದ ಮುಂದೆ ನಿಂತುಬಿಟ್ಟರು.

"ಲಕ್ಸೆಂಬರ್ಗ್! ನಮ್ಮೂರಿಗೆ ಹೋಗಿದ್ದಿರಾ? ನಾನು ಇಲ್ಲಿಗೆ ಬಂದಮೇಲೆ ಅದನ್ನು ನೋಡಿದವರು ಒಬ್ಬರೂ ಸಿಕ್ಕಿರಲಿಲ್ಲ. ಏನು ಇಷ್ಟವಾಯಿತು, ಹೇಳಿ!" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸುತ್ತಲೂ ಸಮುದ್ರವಿರುವ ನ್ಯೂಜಿಲೆಂಡಿನಲ್ಲಿ ನೆಲೆಸಿದವರಿಗೆ ಇನ್ನೇನು ತೋಚೀತು? "ಬೀಚ್! ವಂಡರ್‌ಫುಲ್ ಬೀಚ್!" ಎಂದರು ಚಿದಾನಂದರು.

ನಟರಾಜರ ಚಮಚ ಅರ್ಧದಲ್ಲೇ ನಿಂತಿತು. ಎದ್ದುಬಂದು ಭೂಪಟದ ಮೇಲೆ ಬೆರಳಿಟ್ಟರು. "ಏನ್ ಚಿದಾನಂದ್ರೇ, ಸುತ್ತ ಮೂರು ದೇಶ ಒತ್ಕೊಂಡು ಕೂತಿವೆ. ನಿಮ್ ಬೀಚ್‌ನ ಎಲ್ಲಿ ಇಟ್ಟಿದ್ರು?"

ಎಲ್ಲರೂ ನಕ್ಕರು. ಚಂಪಾ ತಲೆ ತಗ್ಗಿಸಿದರು. ವೇಬರ್‌ಗೆ ಕನ್ನಡ ಬಾರದು. ಆದರೆ ಭೂಪಟದ ಮೇಲಿನ ಬೆರಳಿಗೆ ಅನುವಾದ ಬೇಕೆ? ಅವರು ಚಂಪಾರ ಮುಖ ನೋಡಿ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು: "ಕೋಟೆಯ ಕೆಳಗೆ, ಕಣಿವೆಯಲ್ಲಿ ಒಂದು ನದಿ ಇದೆ. ಚಿಕ್ಕಂದಿನಲ್ಲಿ ಅದರ ದಡವೇ ನಮಗೆ ಬೀಚು. ಸಮುದ್ರವಿಲ್ಲದವರು ಮತ್ತೆಲ್ಲಿಗೆ ಹೋಗಬೇಕು? ಇವರು ಹೇಳುತ್ತಿರುವುದು ಅದನ್ನೇ."

"ಎಗ್ಜಾಕ್ಟ್ಲಿ! ಅದೇ, ಅದೇ!" ಚಿದಾನಂದರಿಗೆ ಹೋದ ಜೀವ ಬಂತು. ನಟರಾಜರು ಮರಳಿ ತಟ್ಟೆಗೆ ಕೈಹಾಕಿದರು.

ಚಂಪಾ ಟಾರ್ಟ್ ಕತ್ತರಿಸಲು ಅಡುಗೆಮನೆಗೆ ಹೋದರೆ, ವೇಬರ್ ಹಿಂದೆಯೇ ಬಂದರು. "ಮೊಟ್ಟೆ ಹಾಕಿಲ್ಲ. ನೀವು ತಿನ್ನುವುದಿಲ್ಲವಲ್ಲ" ಎಂದು, ಆಮೇಲೆ ದನಿ ತಗ್ಗಿಸಿ, "ನೀವು ನೋಡಿದ್ದೀರಿ, ಅಲ್ಲವೇ?" ಎಂದರು.

ಚಂಪಾ ಮೊದಲ ಸಲ ಬಾಯಿಬಿಟ್ಟರು. ಎತ್ತರದ ಸೇತುವೆ; ಬಗ್ಗಿ ನೋಡಿದರೆ ಪಾತಾಳದಲ್ಲಿ ಮನೆಗಳ ಮಾಡು; ಹಳೆಯ ಕೋಟೆಗೋಡೆ. ಫ್ಲಾಸ್ಕಿಗೆ ಬಿಸಿನೀರು ತುಂಬಿಕೊಟ್ಟ ಅಂಗಡಿಯಾಕೆ ನಡೆದು ನಡೆದು ಚಂಪಾ ಕುಂಟುವುದನ್ನು ಕಂಡು, ಅಂಗಡಿಯ ಬಾಗಿಲೆಳೆದುಕೊಂಡು ಬಸ್ಸಿನವರೆಗೆ ಕೈಹಿಡಿದು ನಡೆಸಿಕೊಂಡು ಬಂದದ್ದು. ವೇಬರ್ ತವರಿನ ಸುದ್ದಿ ಕೇಳುವ ಹೆಣ್ಣುಮಗಳ ಹಾಗೆ ಮತ್ತೆ ಮತ್ತೆ ಕೇಳಿದರು: ಗೋಡೆಯ ಮೇಲೆ ಬಳ್ಳಿ ಹಬ್ಬಿತ್ತೆ? ಚರ್ಚಿನ ಗಂಟೆ ಕೇಳಿಸಿತೆ?

ಅಷ್ಟರಲ್ಲಿ ಹಜಾರದಿಂದ ಚಿದಾನಂದರ ದನಿ: "ನಾನಂತೂ ಇಳ್ದೇ ಬಿಟ್ಟೆ ಕಣ್ರೀ, ಮಂಡಿವರ್ಗೂ! ನೀರ್ ಮಾತ್ರ ಕೊರೀತಿತ್ತು!"

"ಏನಂತೆ?" ಎಂದರು ವೇಬರ್.

"ನೀರು ತುಂಬಾ ತಣ್ಣಗಿತ್ತಂತೆ."

ವೇಬರ್ ಟಾರ್ಟಿನ ದೊಡ್ಡ ಹೋಳನ್ನು ಚಿದಾನಂದರ ತಟ್ಟೆಗೆ ಎತ್ತಿಟ್ಟರು. "ಅದು ಮಾತ್ರ ನಿಜ" ಎಂದರು.