ಆನಿಬಾಯಿಯ ಭೇಟಿಯ ಹೊತ್ತು

ಇಗರ್ಜಿಯಲ್ಲಿ ಬೆಳಗಿನ ಪೂಜೆ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿ ಕಂಕನಾಡಿ ಮಾರ್ಕೆಟನ್ನು ಹೊಕ್ಕು, ಉಮರಬ್ಬನ ಹಣ್ಣಿನಂಗಡಿಯ ಮುಂದೆ ನಿಂತು, ಮೂಸಂಬಿಗಳನ್ನು ಒಂದೊಂದಾಗಿ ಎತ್ತಿ, ಸಿಪ್ಪೆಗೆ ಹೆಬ್ಬೆರಳಿನ ಉಗುರು ತಾಗಿಸಿ, ಮೂಗಿನ ಹತ್ತಿರ ಹಿಡಿದು ಪರಿಮಳ ನೋಡುವ ಕ್ರಮವನ್ನು ಆನಿಬಾಯಿ ಒಂದು ದಿನವೂ ತಪ್ಪಿಸಿದವರಲ್ಲ. ಊರಿಗೆ ಊರೇ ಬಂದ್ ಆಗಿದ್ದ ದಿನ ಉಮರಬ್ಬನ ಮನೆಯ ಬಾಗಿಲು ತಟ್ಟಿ, ಅವನು ಲುಂಗಿ ಸರಿಮಾಡಿಕೊಳ್ಳುತ್ತ ಹೊರಬರುವಷ್ಟರಲ್ಲಿ ಚೀಲದ ಬಾಯಿ ಬಿಡಿಸಿ ಹಿಡಿದಿದ್ದರು.

"ಬಾಯಮ್ಮ, ನೀವು ಹೀಗೆ ಉಗುರು ಹಾಕಿದ್ರೆ ನಾನು ಮತ್ತೆ ಯಾರಿಗೆ ಮಾರುವುದು?" ಎಂದು ಅವನು ಗೋಗರೆಯುತ್ತಿದ್ದ.

"ಹಾಗೆಂತ ಇಲ್ಲ. ಉಗುರು ಹಾಕಿದ್ದನ್ನು ನಾನೇ ತೆಗೊಳ್ತೇನಲ್ಲ."

"ತೆಗೊಳ್ಳುವುದು ನಾಲ್ಕು, ಉಗುರು ಬೀಳುವುದು ಇಡೀ ಬುಟ್ಟಿಗೆ!"

ಆ ಹಣ್ಣು ಮನೆಗಲ್ಲ ಎಂಬುದು ಸೊಸೆ ಸಿಂಥಿಯಾಳಿಗೆ ಮದುವೆಯಾಗಿ ಬಂದ ವಾರದಲ್ಲೇ ತಿಳಿದುಹೋಗಿತ್ತು. ಫ್ರಿಜ್ಜಿನಲ್ಲಿದ್ದದ್ದನ್ನು ತೆಗೆದು ಶರಬತ್ತು ಮಾಡಿದ್ದಕ್ಕೆ, "ಅದು ಬೇರೆಯವರದ್ದು" ಎಂಬ ಮಾತು ಬಂದಿತ್ತು. ಆ ಬೇರೆಯವರು ಯಾರೆಂಬುದು ಆನಿಬಾಯಿಗೂ ಗೊತ್ತಿರಲಿಲ್ಲ. ಮಧ್ಯಾಹ್ನದ ಮೇಲೆ ಆಸ್ಪತ್ರೆಯ ಒಳಗೆ ಹೋದಾಗಲಷ್ಟೇ ಅದು ತಿಳಿಯಬೇಕು. ಫಳ್ನೀರಿನಿಂದ ಕಂಕನಾಡಿಯವರೆಗಿನ ಆಸ್ಪತ್ರೆಗಳಲ್ಲಿ ಕಾಸರಗೋಡಿನವರು, ಘಟ್ಟದ ಮೇಲಿನವರು, ಕಾರವಾರದ ಕಡೆಯವರು ಬಂದು ಮಲಗಿರುತ್ತಾರೆ. ಊರು ದೂರವಾದ್ದರಿಂದ ಎಷ್ಟೋ ಜನರ ಹಾಸಿಗೆಯ ಪಕ್ಕದ ಸ್ಟೂಲು ಖಾಲಿಯೇ ಇರುತ್ತದೆ. ಭೇಟಿಯ ಹೊತ್ತಿಗೆ ಸರಿಯಾಗಿ ಆನಿಬಾಯಿ ಹೋಗಿ ಆ ಸ್ಟೂಲಿನ ಮೇಲೆ ಕುಳಿತು, ಹಣ್ಣು ಸುಲಿದು ಕೊಟ್ಟು, ಕಥೆ ಕೇಳಿ, ಪ್ರಾರ್ಥನೆ ಬೇಕೆಂದವರಿಗೆ ಪ್ರಾರ್ಥನೆ ಹೇಳಿ ಬರುತ್ತಿದ್ದರು. ಯಾಕೆ ಎಂದು ಕೇಳಿದವರಿಗೆ ಅವರು ಕಾರಣ ಹೇಳಿದ್ದಿಲ್ಲ. ಊಟ ಯಾಕೆ ಮಾಡುತ್ತೀರಿ ಎಂದು ಯಾರೋ ಕೇಳಿದಂತೆ ಮುಖ ನೋಡುತ್ತಿದ್ದರು, ಅಷ್ಟೆ.

ಗಿಡ್ಡ ದೇಹ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ ನೂಲಿನ ಸೀರೆ, ರಬ್ಬರ್ ಚಪ್ಪಲಿ, ಬಲಗೈಯಲ್ಲಿ ತೀರಿಹೋದ ಗಂಡ ಜೊಕಿಮರ ಉದ್ದ ಹಿಡಿಯ ಕೊಡೆ, ಎಡಗೈಯಲ್ಲಿ ಹಣ್ಣು, ಚಾಕು, ಜಪಮಾಲೆ ಎಲ್ಲವೂ ಒಟ್ಟಿಗೆ ವಾಸಿಸುವ ಕ್ಯಾನ್ವಾಸ್ ಚೀಲ. ಚೀಲದ ಭಾರಕ್ಕೆ ದೇಹ ಎಡಕ್ಕೆ ವಾಲಿ, ಅದನ್ನು ಸರಿದೂಗಿಸಲು ಕುತ್ತಿಗೆ ಬಲಕ್ಕೆ ವಾಲಿ, ದೂರದಿಂದ ನೋಡುವವರಿಗೆ ಈ ಹೆಂಗಸು ಯಾರ ಜೊತೆಯೋ ವಾದಿಸುತ್ತ ಬರುತ್ತಿದ್ದಾರೆ ಎನಿಸುತ್ತಿತ್ತು. ವಾದ ಮಾಡುವ ಅಗತ್ಯ ಅವರಿಗೆ ಬೀಳುತ್ತಿರಲಿಲ್ಲ. "ಹಾಗೆಂತ ಇಲ್ಲ" ಎಂಬ ಎರಡು ಪದಗಳೇ ಸಾಕಾಗುತ್ತಿದ್ದವು. ಪಾಸ್ ಬೇಕು ಎಂದರೂ ಹಾಗೆಂತ ಇಲ್ಲ, ಹೊತ್ತು ಮುಗಿಯಿತು ಎಂದರೂ ಹಾಗೆಂತ ಇಲ್ಲ. ಸೆಕ್ಯೂರಿಟಿಯವರು ಬದಲಾದರು, ಗೇಟುಗಳು ಬದಲಾದವು, ಉತ್ತರ ಬದಲಾಗಲಿಲ್ಲ.

ಸಿಂಥಿಯಾ ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿನ ನರ್ಸು. ದಿನವಿಡೀ ರೋಗಿಗಳ ನಡುವೆ ಇದ್ದು, ಸೋಪು ಹಚ್ಚಿ ಮೊಣಕೈಯವರೆಗೆ ತೊಳೆದುಕೊಂಡು ಮನೆ ಸೇರುವ ಅವಳಿಗೆ, ಮನೆಯಿಂದ ರೋಗಿಗಳ ನಡುವೆ ಹೋಗುವ ಈ ಹವ್ಯಾಸ ಅರ್ಥವಾಗುವಂಥದ್ದಾಗಿರಲಿಲ್ಲ. ಆದರೂ ಅತ್ತೆಯ ಕಾಲು, ಅತ್ತೆಯ ಚೀಲ ಎಂದು ಸುಮ್ಮನಿದ್ದಳು. ಆ ವರ್ಷದ ಬೇಸಿಗೆ ರಜೆ ಬರುವವರೆಗೆ ಸುಮ್ಮನಿದ್ದಳು.

ಗಂಡ ಮರ್ವಿನ್ ದೋಹಾದಲ್ಲಿ. ಮಕ್ಕಳಿಬ್ಬರು: ಮೂರನೇ ತರಗತಿ ಮುಗಿಸಿದ ಇರ್ವಿನ್, ಯುಕೆಜಿ ಮುಗಿಸಿದ ಮೆಲಿಸಾ. ಮೇ ತಿಂಗಳ ಎರಡನೇ ಭಾನುವಾರ ಇರ್ವಿನ್‌ನ ಪ್ರಥಮ ಪರಮಪ್ರಸಾದ, ಮಕ್ಕಳು ಇಗರ್ಜಿಯಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸುವ ದಿನ. ಬಿಳಿ ಕೋಟು ಹೊಲಿಯಲು ಕೊಟ್ಟಾಗಿತ್ತು, ಮರ್ವಿನ್‌ನ ಟಿಕೆಟ್ಟು ಆಗಿತ್ತು. ಊರಿನಲ್ಲಿ ಚಿಕನ್ ಪಾಕ್ಸ್ ಓಡಾಡುತ್ತಿತ್ತು. ಹುಡುಗನಿಗೆ ಅದೊಂದು ಬಾರದೆ ಆ ಭಾನುವಾರ ದಾಟಿದರೆ ಸಾಕೆಂಬುದು ಸಿಂಥಿಯಾಳ ದಿನದಿನದ ಬೇಡಿಕೆಯಾಗಿತ್ತು. ಬೆಳಿಗ್ಗೆ ಇಗರ್ಜಿಯ ಸಭಾಂಗಣದ ಶಿಬಿರಕ್ಕೆ ಹೋಗಿಬರುವ ಮಕ್ಕಳು ಮಧ್ಯಾಹ್ನ ಊಟವಾದ ಮೇಲೆ ಫ್ಯಾನಿನ ಕೆಳಗೆ ಅಜ್ಜಿಯ ಜೊತೆ ಮಲಗುತ್ತಾರೆ ಎಂದು ಅವಳು ನಂಬಿದ್ದಳು. ಮನೆಯಲ್ಲಿ ಸೊಸೆಗೂ ಮಕ್ಕಳಿಗೂ ಆನಿಬಾಯಿ 'ಮಾಯಿ'. "ಮಾಯಿ, ಬಿಸಿಲಿಗೆ ಮಕ್ಕಳನ್ನು ಹೊರಗೆ ಬಿಡಬೇಡಿ" ಎಂದು ದಿನವೂ ಹೇಳಿ ಹೋಗುತ್ತಿದ್ದಳು.

ಬಿಸಿಲಿಗೆ ಬಿಡಲಿಲ್ಲ, ನಿಜ. ಆಸ್ಪತ್ರೆಗಳ ಒಳಗೆ ಬಿಸಿಲಿರುವುದಿಲ್ಲ.

ಗುಟ್ಟು ಹೊರಬಿದ್ದದ್ದು ಮೆಲಿಸಾಳ ಗೊಂಬೆಗಳಿಂದ. ಒಂದು ಸಂಜೆ ಸಿಂಥಿಯಾ ಡ್ಯೂಟಿ ಮುಗಿಸಿ ಬಂದಾಗ ಸೋಫಾದ ಮೇಲೆ ಗೊಂಬೆಗಳೆಲ್ಲ ಸಾಲಾಗಿ ಮಲಗಿದ್ದವು. ಕರಡಿಯ ಕಾಲಿಗೆ ಕರವಸ್ತ್ರ ಕಟ್ಟಿ ಕುರ್ಚಿಯ ಕೈಗೆ ನೇತುಹಾಕಲಾಗಿತ್ತು.

"ಇದೆಂತ ಆಟ ಮಾರಾಯ್ತಿ?"

"ಸ್ಶ್! ಮೆಲ್ಲ ಮಾತಾಡು ಮಮ್ಮಿ. ಇವರಿಗೆ ಶುಗರ್ ಉಂಟು, ಹಣ್ಣು ಕೊಡ್ಲಿಕ್ಕಿಲ್ಲ. ಇವರಿಗೆ ನಾಳೆ ಆಪರೇಶನ್. ಇವರಿಗೆ..." ಮೆಲಿಸಾ ಒಂದು ಕಣ್ಣಿಲ್ಲದ ಗೊಂಬೆಯ ತಲೆ ಸವರಿದಳು, "ಇವರಿಗೆ ಯಾರೂ ಇಲ್ಲ."

ಆಮೇಲೆ ಒಂದೊಂದೇ ಸಾಹಸ ಹೊರಬಂತು. ಇಳಿಜಾರು ದಾರಿಯಲ್ಲಿ ಸ್ಟ್ರೆಚರಿನ ಹಿಂದೆ ಇರ್ವಿನ್ ಓಡಿದ್ದು. ಲಿಫ್ಟಿನಲ್ಲಿ ಮೇಲೆ ಕೆಳಗೆ ಹೋಗಿ ಹೋಗಿ ಲಿಫ್ಟಿನವನ ಹೆಸರು, ಅವನ ಮಗಳ ಹೆಸರು ಸಹ ಗೊತ್ತಾದದ್ದು. ಮನೆಯಲ್ಲಿ ಕರೆಂಟು ಹೋದಾಗಲೆಲ್ಲ ಓಪಿಡಿಯ ಏಸಿಯಲ್ಲಿ ಕುಳಿತು ಕ್ಯಾಂಟೀನಿನ ಗೋಳಿಬಜೆ ತಿಂದದ್ದು. ಒಮ್ಮೆ ಖಾಲಿ ವ್ಹೀಲ್‌ಚೇರಿನಲ್ಲಿ ಮೆಲಿಸಾ ಕಾಲು ಆಡಿಸುತ್ತ ಕುಳಿತಿದ್ದಾಗ, ಅಟೆಂಡರೊಬ್ಬ ಅವಳನ್ನು ರೋಗಿಯೆಂದೇ ತಿಳಿದು ಎಕ್ಸ್‌ರೇ ಕೋಣೆಯ ಬಾಗಿಲಿನವರೆಗೆ ತಳ್ಳಿಕೊಂಡು ಹೋಗಿದ್ದ. ಹೆಸರು ಕೇಳಿದಾಗ ಹೆಸರು ಹೇಳಿದ್ದಾಳೆ. ಎಲ್ಲಿ ನೋವು ಎಂದಾಗ, ಸವಾರಿ ಅಲ್ಲಿಗೇ ಮುಗಿದೀತೆಂಬ ಭಯಕ್ಕೆ, ಹೊಟ್ಟೆ ಎಂದಿದ್ದಾಳೆ.

"ಆ ಹುಡುಗಿಗೆ ಎಕ್ಸ್‌ರೇ ತೆಗೆದಿದ್ರೆ ಎಂತ ಮಾಡ್ತಿದ್ರಿ ಮಾಯಿ?"

"ಹಾಗೆಂತ ಇಲ್ಲ. ತೆಗೆಯುವ ಮೊದಲು ನಾನು ಅಲ್ಲಿಗೆ ಮುಟ್ಟಿದೆ."

"ಸೋಂಕು ಗೀಂಕು ತಂದುಕೊಂಡ್ರೆ? ಭಾನುವಾರ ಹತ್ತಿರ ಬಂತು!"

"ನೀನು ದಿನಾ ಹೋಗ್ತಿಯಲ್ಲ. ನಿನಗೆಂತ ಆಗಿದೆ?"

ಇದಕ್ಕೆ ವೈದ್ಯಶಾಸ್ತ್ರದಲ್ಲಿ ಹತ್ತು ಉತ್ತರಗಳಿವೆ. ಹತ್ತನ್ನೂ ಸಿಂಥಿಯಾ ಹೇಳಿದಳು. ಆನಿಬಾಯಿ ತಲೆಯಾಡಿಸುತ್ತ ಪೂರ್ತಿ ಕೇಳಿ, ಮರುದಿನ ಮಕ್ಕಳಿಗೆ ಮಾಸ್ಕ್ ಕಟ್ಟಿ ಕರೆದುಕೊಂಡು ಹೋದರು.

ಹೋದದ್ದು ಸೊಸೆಯದ್ದೇ ವಾರ್ಡಿಗೆ. ಸಿಂಥಿಯಾ ಔಷಧಿಯ ಟ್ರಾಲಿ ತಳ್ಳುತ್ತ ಬಂದಾಗ, ಗಾಳಿಗೆ ಪರದೆ ಸರಿದ ಜಾಗದಲ್ಲಿ ಇರ್ವಿನ್ ನಿಂತಿದ್ದ. ಮೂಡಿಗೆರೆ ಕಡೆಯ ಮುದುಕಿಯೊಬ್ಬರ ಹಾಸಿಗೆಯ ಬದಿ, ಕೈ ಜೋಡಿಸಿ, ಕಣ್ಣು ಮುಚ್ಚಿ, ಪಶ್ಚಾತ್ತಾಪದ ಪ್ರಾರ್ಥನೆಯನ್ನು ಕೊಂಕಣಿಯಲ್ಲಿ ಒಂದೂ ತೊಡರಿಲ್ಲದೆ ಹೇಳುತ್ತಿದ್ದ. ಧರ್ಮೋಪದೇಶದ ಟೀಚರಿನ ಎದುರು ಎರಡನೇ ಸಾಲಿಗೇ ಮುಗ್ಗರಿಸುವ ಹುಡುಗ! ಒಂದು ಪದವೂ ಅರ್ಥವಾಗದ ಆ ಮುದುಕಿ ಹಣೆಗೆ ಕೈಯಿಟ್ಟು ನಮಸ್ಕರಿಸುತ್ತಿದ್ದರು. ಮೊಮ್ಮಗನಿಗೆ ಪಾಠ ಹೇಳಿಕೊಡಲು ಆನಿಬಾಯಿ ಕಂಡುಕೊಂಡ ಕ್ರಮ ಇದು. ಒಬ್ಬನೇ ಮೊಮ್ಮಗ ಬಲಿಪೀಠದ ಮುಂದೆ ನಿಂತು ಪರಮಪ್ರಸಾದ ಸ್ವೀಕರಿಸುವುದನ್ನು ಮೊದಲ ಸಾಲಿನಲ್ಲಿ ಮೊಣಕಾಲೂರಿ ನೋಡಬೇಕೆಂಬುದು ಅವರು ವರ್ಷವಿಡೀ ಬಾಯಿಬಿಟ್ಟು ಹೇಳಿದ ಒಂದೇ ಒಂದು ಆಸೆ.

ಸಿಂಥಿಯಾಳಿಗೆ ಆ ಕ್ಷಣ ಇದಾವುದೂ ಕಾಣಲಿಲ್ಲ. ಕಂಡದ್ದು ಬಾಗಿಲಿನಲ್ಲಿ ನಿಂತ ವಾರ್ಡಿನ ಇನ್‌ಚಾರ್ಜ್ ಬ್ರೆಂಡಾ ಸಿಸ್ಟರ್.

"ಸಿಂಥಿಯಾ, ಚಿಕ್ಕ ಮಕ್ಕಳನ್ನು ಒಳಗೆ ಬಿಡ್ಲಿಕ್ಕಿಲ್ಲ ಅಂತ ಬೋರ್ಡ್ ಬರೆಸಿದ್ದು ನೀನೇ ಅಲ್ವಾ?"

ಅಂದು ಮನೆಯಲ್ಲಿ ನಡೆದದ್ದು ಪಕ್ಕದ ಫ್ಲಾಟಿನವರಿಗೂ ಕೇಳಿಸಿತು. ಮಕ್ಕಳನ್ನು ಕಾಟಿಪಳ್ಳದ ತನ್ನ ತಾಯಿಯ ಮನೆಗೆ ಕಳುಹಿಸುತ್ತೇನೆಂದು ಸಿಂಥಿಯಾ ಎದ್ದಳು. ಮರ್ವಿನ್ ಫೋನಿನಲ್ಲಿ ಇಬ್ಬರಿಗೂ ಹೌದು ಎಂದ. ಕೊನೆಗೆ ಆನಿಬಾಯಿ, "ಆಯ್ತು, ನಿನ್ನ ಆಸ್ಪತ್ರೆಗೆ ಇನ್ನು ಕರ್ಕೊಂಡು ಬರುವುದಿಲ್ಲ" ಎಂದು ಮಾತು ಕೊಟ್ಟರು. ಮಾತಿಗೆ ತಪ್ಪುವವರಲ್ಲ. ಮರುದಿನದಿಂದ ಕಂಕನಾಡಿಯ ಆಸ್ಪತ್ರೆಗೆ ಹೋಗತೊಡಗಿದರು.

ಹಾಗೆ ಹೋಗುವ ಒಂದು ಮಧ್ಯಾಹ್ನ, ಸಿಟಿ ಬಸ್ಸಿನಿಂದ ಮೊದಲು ಮಕ್ಕಳನ್ನು ಇಳಿಸಿ, ಆಮೇಲೆ ಚೀಲವನ್ನು ಇಳಿಸಿ, ಕೊನೆಗೆ ತಾವು ಇಳಿಯುವಾಗ ಮೆಟ್ಟಿಲು ತಪ್ಪಿ ಆನಿಬಾಯಿ ರಸ್ತೆಗೆ ಬಿದ್ದರು. ತೊಡೆಯ ಎಲುಬು ಮುರಿದಿತ್ತು. ಸೊಸೆ ಇರುವ ಆಸ್ಪತ್ರೆಗೇ ತಂದರು; ಆಪರೇಶನ್ ಮಾಡಿ ರಾಡ್ ಹಾಕಿದರು. ಮೊಮ್ಮಗನ ಭಾನುವಾರಕ್ಕೆ ಆಗ ಉಳಿದದ್ದು ಒಂದು ವಾರ. ಹಾಸಿಗೆಯಿಂದ ಏಳುವ ಮಾತಿಲ್ಲ ಎಂದು ಡಾಕ್ಟರು ಹೇಳಿದಾಗ ಅವರು ಒಮ್ಮೆ ಗೋಡೆಯ ಶಿಲುಬೆಯ ಕಡೆ ನೋಡಿದರು. ಆಮೇಲೆ ಆ ವಿಷಯ ಎತ್ತಲಿಲ್ಲ.

ರೋಗಿಯಾಗಿ ಆನಿಬಾಯಿ ಭೇಟಿಗೆ ಬರುವ ಆನಿಬಾಯಿಗಿಂತ ಹೆಚ್ಚು ಕಾಟ ಕೊಟ್ಟರು. ಸಿಂಥಿಯಾ ಗೊತ್ತುಮಾಡಿದ ಸ್ಪೆಷಲ್ ರೂಮಿಗೆ ಹೋಗದೆ ಸೊಸೆಯದ್ದೇ ವಾರ್ಡಿನಲ್ಲಿ ಉಳಿದರು; ಅಲ್ಲಿ ಗೋಡೆಯ ಹತ್ತಿರ ಮಾತಾಡಬೇಕಷ್ಟೆ ಎಂದರು. ನೋವಿದ್ದರೆ ಬೆಲ್ ಒತ್ತಲಿಲ್ಲ, ಆಚೆ ಹಾಸಿಗೆಯವರಿಗೆ ನೀರು ಬೇಕಾದರೆ ಬಿಡದೆ ಒತ್ತಿದರು. ನೋಡಲು ಬಂದ ಇಗರ್ಜಿಯವರನ್ನೆಲ್ಲ, "ನನಗೆಂತ ಆಗಿದೆ? ಅಲ್ಲಿ ಹೋಗಿ ಕೂತ್ಕೊಳ್ಳಿ" ಎಂದು ಖಾಲಿ ಸ್ಟೂಲುಗಳಿಗೆ ಅಟ್ಟಿದರು. ಡ್ಯೂಟಿಯ ನರ್ಸುಗಳು ದೂರು ಹೇಳುವುದು ಮಾತ್ರ ಸಿಂಥಿಯಾಳಿಗೆ.

ಪಕ್ಕದ ಹಾಸಿಗೆಯಲ್ಲಿ ಅಫ್ರೋಝ್ ಎಂಬ ಉಪ್ಪಿನಂಗಡಿ ಕಡೆಯ ಎಳೆಯ ಹೆಂಗಸು. ಹೊಟ್ಟೆಯ ಆಪರೇಶನ್ ಆಗಿ, ಗಾಯ ಕೀವಾಗಿ, ಮನೆಗೆ ಹೋಗುವ ದಿನ ಮುಂದೆ ಮುಂದೆ ಹೋಗುತ್ತಿತ್ತು. ಮೂರು ವರ್ಷದ ಮಗಳನ್ನು ಅವಳ ಗಂಡ ಪ್ರತಿ ಸಂಜೆ ತಂದು ಕೆಳಗೆ ಪಾರ್ಕಿಂಗಿನಲ್ಲಿ ಎತ್ತಿ ಹಿಡಿದು ನಿಲ್ಲುತ್ತಿದ್ದ. ಮೇಲೆ ಬಿಡಲು ನಿಯಮವಿರಲಿಲ್ಲ. ಅಫ್ರೋಝ್ ಗೋಡೆ ಹಿಡಿದು ಕಿಟಕಿಯವರೆಗೆ ಹೋಗಿ ಶಾಲಿನ ತುದಿ ಬೀಸಿ, ಮರಳಿ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು.

ಶನಿವಾರ ಬಂತು. ಹಿಂದಿನ ದಿನ ಮರ್ವಿನ್ ಊರಿಗೆ ತಲಪಿದ್ದ. ಬಿಳಿ ಕೋಟು ಹಾಕಿಸಿ ನೋಡುವಾಗ ಇರ್ವಿನ್ ಅದನ್ನು ಕಳಚಿ ನೆಲಕ್ಕೆಸೆದ. "ಮಾಯಿ ನೋಡದಿದ್ರೆ ನನಗೆ ಬೇಡ" ಎಂದು ಹಟ ಹಿಡಿದ. ಅಪ್ಪ ಗದರಿದರೂ ಇಲ್ಲ, ಚಾಕೊಲೇಟು ತೋರಿಸಿದರೂ ಇಲ್ಲ. ಸಿಂಥಿಯಾ ಅದುವರೆಗೆ ಯಾರ ಮುಂದೆಯೂ ತಗ್ಗಿದವಳಲ್ಲ. ಆ ಮಧ್ಯಾಹ್ನ ಬ್ರೆಂಡಾ ಸಿಸ್ಟರಿನ ಮೇಜಿನ ಮುಂದೆ ಹೋಗಿ ನಿಂತಳು. ತಾನೇ ಬರೆಸಿದ ಬೋರ್ಡಿನ ವಿರುದ್ಧ ತಾನೇ ಬೇಡಿದಳು. ಸಿಸ್ಟರ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ನಾಳೆ ಪೂಜೆ ಮುಗಿದ ಮೇಲೆ. ಸ್ಟಾಫ್ ಲಿಫ್ಟಿನಲ್ಲಿ. ಹತ್ತು ನಿಮಿಷ. ಹುಡುಗ ಒಬ್ಬನೇ."

ಸಿಂಥಿಯಾ ಹೆಚ್ಚುಕಮ್ಮಿ ಓಡುತ್ತಲೇ ವಾರ್ಡಿಗೆ ಬಂದಳು. ಅಫ್ರೋಝ್‌ಳನ್ನು ಸ್ಕ್ಯಾನಿಂಗಿಗೆ ಕರೆದೊಯ್ದಿದ್ದರು, ಹಾಸಿಗೆ ಖಾಲಿಯಿತ್ತು.

"ಮಾಯಿ, ನಾಳೆ ಇರ್ವಿನ್ ಕೋಟಿನಲ್ಲೇ ಇಲ್ಲಿಗೆ ಬರ್ತಾನೆ. ಬ್ರೆಂಡಾ ಸಿಸ್ಟರ್ ಒಪ್ಪಿದ್ದಾರೆ."

ಆನಿಬಾಯಿಯ ಮುಖ ಒಮ್ಮೆಗೇ ಅರಳಿತು. ಕೈ ತಾನಾಗಿ ತಲೆಗೆ ಹೋಗಿ ಕೆದರಿದ ಕೂದಲನ್ನು ಸವರಿಕೊಂಡಿತು. ಆಮೇಲೆ ಕಣ್ಣು ಪಕ್ಕದ ಹಾಸಿಗೆಯ ಕಡೆ ಹೊರಳಿತು, ಕೈ ಕೆಳಗಿಳಿಯಿತು.

"ಅಫ್ರೋಝಿನ ಮಗುವನ್ನು ಕೂಡ ಬಿಡ್ತಾರಾ?"

"ಅದು ಹೇಗೆ ಮಾಯಿ? ನಾನು ಸ್ಟಾಫ್ ಅಂತ ಇದೊಂದು ಸಲ..."

"ಕೇಳಿ ನೋಡಿದ್ಯಾ?"

"ನಮ್ಮವನಿಗೆ ಕೇಳಲಿಕ್ಕೇ ನನಗೆ ಜೀವ ಹೋದದ್ದು! ಅವಳದ್ದು ಕೇಳಿದ್ರೆ ಇದೂ ಇಲ್ಲ ಅಂತಾರೆ."

ಪರೋಪಕಾರಿಗಳು ಸೌಮ್ಯ ಸ್ವಭಾವದವರು ಎಂದು ದೂರದಿಂದ ನೋಡುವವರು ತಿಳಿಯುತ್ತಾರೆ. ಒಂದೇ ಅಡುಗೆಮನೆಯಲ್ಲಿ ಅವರ ಜೊತೆ ಬಾಳಿದವರಿಗೆ ಗೊತ್ತು, ಅವರಷ್ಟು ಹಟಮಾರಿಗಳು ಈ ಲೋಕದಲ್ಲಿ ಬೇರೆ ಇಲ್ಲ. ಬೇರೆಯವರಿಗಾಗಿ ಮುಚ್ಚಿದ ಬಾಗಿಲನ್ನೂ ತಳ್ಳಿಕೊಂಡು ಹೋಗುತ್ತಾರೆ. ತಮಗೆಂದು ಯಾರೋ ಕಷ್ಟಪಟ್ಟು ಒಂದು ಬಾಗಿಲು ತೆರೆಸಿದರೆ, ಹೊರಗೆ ಇನ್ನು ಯಾರು ನಿಂತಿದ್ದಾರೆಂದು ತಿರುಗಿ ನೋಡುತ್ತಾರೆ. ತೆರೆಸಿದವರ ಕಷ್ಟ ಅವರ ಲೆಕ್ಕಕ್ಕೆ ಬರುವುದಿಲ್ಲ. ದೇವರು ಇಂಥವರನ್ನು ಪ್ರೀತಿಸುತ್ತಾನೆ ಎಂಬುದರಲ್ಲಿ ಸಂಶಯವಿಲ್ಲ. ಅವನಿಗೆ ಅವರ ಸೊಸೆಯಾಗಿ ಇರಬೇಕಾಗಿಲ್ಲವಲ್ಲ.

"ಅವನು ಮನೆಯಲ್ಲಿ ಕೋಟು ಬಿಸಾಡಿ ಕೂತಿದ್ದಾನೆ, ನೀವು ನೋಡಬೇಕಂತ!" ಸಿಂಥಿಯಾ ಹಾಸಿಗೆಯ ಕಂಬಿ ಹಿಡಿದು ಬಾಗಿದಳು. "ನಿಮಗೆ ಆಸೆ ಇಲ್ವಾ ಮಾಯಿ?"

ಬಾಗಿಲಾಚೆ ಅಫ್ರೋಝ್‌ಳ ವ್ಹೀಲ್‌ಚೇರಿನ ಸದ್ದು ಹತ್ತಿರವಾಗುತ್ತಿತ್ತು. ಆನಿಬಾಯಿ ಸೊಸೆಯ ಕೈಯನ್ನು ಎಳೆದು ಹಿಡಿದುಕೊಂಡು ದನಿ ತಗ್ಗಿಸಿದರು.

"ಆಸೆ ಇಲ್ಲದೆ ಉಂಟಾ? ಅವಳ ಕಣ್ಣೆದುರು ಬೇಡ. ಇಗರ್ಜಿಯಿಂದ ಸೀದಾ ಮನೆಗೆ ಕರ್ಕೊಂಡು ಹೋಗು. ಪ್ರಸಾದಕ್ಕಂತ ಬೆಳಗ್ಗಿನಿಂದ ಹಸಿದಿರ್ತಾನೆ."