ಹಲಗೆ ಪ್ರಸಂಗ

ಕನ್ನಡದಲ್ಲಿ ಒಂದು ಮಾತಾಡಬೇಕಾದರೂ ರತ್ನಾವತಿಯಮ್ಮ ಮೊದಲು ಹಿಂತಿರುಗಿ ಬಾಗಿಲ ಕಡೆ ನೋಡುತ್ತಿದ್ದರು. ವೆಸ್ಟ್ ಮಾಂಬಲಂನ ಅವರ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ ಇದ್ದಾಗಲೂ ಈ ಕ್ರಮ ತಪ್ಪುತ್ತಿರಲಿಲ್ಲ. ಗೋಡೆಗೆ ಭುಜ ತಾಗುವಂತೆ ಬೀದಿಯ ಅಂಚಿನಲ್ಲೇ ನಡೆಯುವ, ಹಗ್ಗ ಕಂಡರೂ ಹಾವೆನ್ನುವ ಈ ಅಂಜುಬುರುಕಿ, ನಮ್ಮ ಕನ್ನಡ ಸಂಘಕ್ಕೆ ಏಳು ನಾಟಕ ಬರೆದುಕೊಟ್ಟರೆಂದರೆ ಮದರಾಸಿನಲ್ಲಿ ನಂಬುವವರಿರಲಿಲ್ಲ. ನಂಬುವುದಾದರೂ ಹೇಗೆ? ಒಂದರ ಮೇಲೂ ಅವರ ಹೆಸರಿರಲಿಲ್ಲ.

ಅವರ ತಂದೆ ಬ್ರಿಟಿಷರ ಕಾಲದಲ್ಲಿ ಮಂಗಳೂರಿನ ಕಚೇರಿಯೊಂದರ ಗುಮಾಸ್ತರು. ದೊರೆಗಳ ಭಾಷೆ ಬರಲೆಂದು ಮಗಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದರು. ಅಲ್ಲಿ ಕನ್ನಡವಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಒಂದು ಹಲಗೆ; ಕನ್ನಡವಾಡಿದ ಇನ್ನೊಬ್ಬರನ್ನು ಹಿಡಿದುಕೊಟ್ಟರೆ ಹಲಗೆ ಅವರಿಗೆ ದಾಟುತ್ತಿತ್ತು; ಸಂಜೆ ಯಾರಲ್ಲಿ ಉಳಿಯಿತೋ ಅವರಿಗೆ ಬೆತ್ತ. ಒಂಬತ್ತನೆಯ ವಯಸ್ಸಿನಲ್ಲಿ, ಹಲಗೆ ತಮ್ಮ ಕೊರಳಲ್ಲಿದ್ದ ಒಂದು ದಿನ, ಇವರು ನೆರೆಮನೆಯ ಗೆಳತಿ ಬೇಬಿಯನ್ನು ನೀರು ಬೇಕೇ ಎಂದು ಕನ್ನಡದಲ್ಲಿ ಕೇಳಿದರು. ಅವಳು ಬೇಕು ಎಂದದ್ದೇ ತಡ, ಹಲಗೆ ದಾಟಿಸಿದರು. ಬೇಬಿ ಮತ್ತೆ ಶಾಲೆಗೆ ಬರಲಿಲ್ಲ. ಇವರ ಪ್ರತಿ ನಾಟಕದಲ್ಲೂ ಒಬ್ಬ ಚಾಡಿಕೋರನಿರುತ್ತಿದ್ದ. ಅವನಿಗೆ ಕೊನೆಯವರೆಗೂ ಕ್ಷಮೆ ಸಿಗುತ್ತಿರಲಿಲ್ಲ.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ, ಎಂಟನೆಯ ನಾಟಕವಾಗಿ, ಆ ಕಥೆಯನ್ನೇ ಬರೆದರು. ಆಗ ನಾಟಕವಾಡಲು ಪೊಲೀಸರ ಅನುಮತಿ ಬೇಕಿತ್ತು. ಸಂಘದ ಕಾರ್ಯದರ್ಶಿಯಾಗಿ ನಾನೂ ಅವರ ಜೊತೆಗೆ ಪೊಲೀಸ್ ಕಚೇರಿಗೆ ಹೋದೆ. ಯಕ್ಷಗಾನದ ಕಥೆಯನ್ನು ಪ್ರಸಂಗವೆನ್ನುವ ತಮ್ಮ ಊರಿನ ರೂಢಿಯಂತೆ ಅವರು ಅರ್ಜಿಯಲ್ಲಿ ‘ಹಲಗೆ ಪ್ರಸಂಗ’ ಎಂದು ಬರೆದುಬಿಟ್ಟಿದ್ದರು. ತಮಿಳಿನಲ್ಲಿ ಪ್ರಸಂಗವೆಂದರೆ ಭಾಷಣ. ಯಾರ ವಿರುದ್ಧ ಭಾಷಣ, ಬರೆದವರು ಯಾರು ಎಂದು ಅಧಿಕಾರಿ ಇಂಗ್ಲಿಷಿನಲ್ಲಿ ಗದರಿದ್ದೇ ತಡ, ರತ್ನಾವತಿಯಮ್ಮನ ಬೆರಳು ನನ್ನ ಕಡೆ ತಿರುಗಿತು.

ನಾನು ರೈಲ್ವೆ ನೌಕರ. ರಾಜಕೀಯದ ಗಾಳಿ ಸೋಕಿದರೆ ಅನ್ನಕ್ಕೇ ಸಂಚಕಾರ. ಅವರ ಮೇಲೆ ಉರಿದುಹೋದೆ. ಅಧಿಕಾರಿ ಹೆಸರು ಕೇಳಿದ. ಹರಿಹರ ಎಂದು ತೊದಲಿದೆ. ಅವನು ಲೇಖನಿ ಎತ್ತಿಕೊಂಡ.

“ಬರೆದದ್ದು ನಾನು,” ಎಂದರು ರತ್ನಾವತಿಯಮ್ಮ, ಕನ್ನಡದಲ್ಲೇ. ನನ್ನತ್ತ ಚಾಚಿದ್ದ ಬೆರಳನ್ನು ತಮ್ಮ ಕಡೆಗೇ ತಿರುಗಿಸಿಕೊಂಡರು. “ಇವರದ್ದು ಎಂತದೂ ಇಲ್ಲ ಇದರಲ್ಲಿ. ನನ್ನ ಹೆಸರು ಬರ್ಕೊಳ್ಳಿ.”

ಅವನಿಗೆ ಕನ್ನಡ ಬಾರದು. ತಮಿಳಿಗೆ ತಿರುಗಿಸಿ ಹೇಳಿದವನೂ ನಾನೇ. ಪ್ರಸಂಗದ ಗೊಂದಲ ಬಿಡಿಸಿದ ಮೇಲೂ ಅನುಮತಿಗೆ ಹನ್ನೊಂದು ದಿನ ಹಿಡಿಯಿತು. ಅಷ್ಟು ದಿನವೂ ಬೀದಿಯಲ್ಲಿ ಬೂಟಿನ ಸದ್ದಾದರೆ ಅವರು ಬೆಚ್ಚುತ್ತಿದ್ದರು, ಊಟ ಬಿಟ್ಟು ಏಳುತ್ತಿದ್ದರು. ಆದರೆ ಮೊದಲ ಸಲ ಆಮಂತ್ರಣದಲ್ಲಿ ಹಾಕಿಸಿದ್ದ ತಮ್ಮ ಹೆಸರನ್ನು ತೆಗೆಯಿರೆಂದು ಮಾತ್ರ ಹೇಳಲಿಲ್ಲ.

ಎಳವೆಯಲ್ಲೇ ಹೆದರಿಸಿ ಬೆಳೆಸಿದವರು ಒಂದು ದಿನ ಧೀರರಾಗಿಬಿಡುತ್ತಾರೆಂದು ನಾನೀಗ ನಿರೀಕ್ಷಿಸುವುದಿಲ್ಲ. ತಮ್ಮ ಭಯವನ್ನು ಪಕ್ಕದವರ ಮೇಲೆ ಇಳಿಸಲು ಅವರ ಕೈ ತಾನಾಗಿ ಏಳುತ್ತದೆ. ಎದ್ದ ಆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಎಷ್ಟು ಬಲ ಬೇಕೆಂಬುದನ್ನು, ಹೆದರದೆ ಬೆಳೆದ ನಮ್ಮಂಥವರು ಅಳೆಯಲಾರರು.